ಧಾರೆ ಹೊತ್ತಿಗೆ ಟಿವಿ ನಿಲ್ಲುದು, ಫೋನಿಗೆ ಐಪಿ ಸಿಗದಿರುದು: ಸ್ವಿಚ್‌ನಲ್ಲಿ ಐಜಿಎಂಪಿ ಮತ್ತು ಡಿಹೆಚ್‌ಸಿಪಿ ಸ್ನೂಪಿಂಗ್ ದೋಷ ಹುಡುಕುವ ಕ್ರಮ

ಉಡುಪಿಯಿಂದ ಬ್ರಹ್ಮಾವರ ಕಡೆ ಹೋಗುವ ಹೈವೇ ಬದಿಯಲ್ಲಿ ಒಂದು ಮದುವೆ ಹಾಲ್ ಉಂಟು, ಅದರ ನೆಟ್‌ವರ್ಕ್ ನೋಡಿಕೊಳ್ಳುದು ನಾನು. ಮೇಲೆ ದೊಡ್ಡ ಹಾಲ್, ಕೆಳಗೆ ಊಟದ ಹಾಲ್, ಹಿಂದೆ ದಿಬ್ಬಣದವರು ಉಳ್ಕೊಳ್ಳುವ ರೂಮುಗಳು. ಸ್ಟೇಜಲ್ಲಿ ನಡೆಯುದನ್ನು ಕ್ಯಾಮರಾದಿಂದ ಎನ್‌ಕೋಡರ್‌ಗೆ (ವಿಡಿಯೋವನ್ನು ನೆಟ್‌ವರ್ಕ್ ಸ್ಟ್ರೀಮ್ ಮಾಡುವ ಪೆಟ್ಟಿಗೆ) ತಂದು, ಅಲ್ಲಿಂದ ಮಲ್ಟಿಕಾಸ್ಟ್ ಮಾಡಿ, ಅಂದ್ರೆ ಒಂದೇ ಸ್ಟ್ರೀಮ್ ಬೇಕಾದವರಿಗೆಲ್ಲ ಒಟ್ಟಿಗೆ ಹೋಗುವ ಹಾಗೆ ಮಾಡಿ, ಕೆಳಗಿನ ಆರು ಟಿವಿಗೆ ಮತ್ತೆ ರೂಮ್ ಬ್ಲಾಕ್‌ನ ಒಂದು ಟಿವಿಗೆ ಕಳಿಸ್ತೇವೆ. ಮೆಟ್ಲು ಹತ್ಲಿಕ್ಕೆ ಆಗದ ಅಜ್ಜ ಅಜ್ಜಿಯಂದ್ರು ಕೆಳಗೆ ಕೂತು ಆ ಟಿವಿಯಲ್ಲೇ ಧಾರೆ ನೋಡುದು, ಅವರಿಗೆ ಆ ಐದು ನಿಮಿಷವೇ ಇಡೀ ಮದುವೆ, ಆ ಐದು ನಿಮಿಷದಲ್ಲಿ ಟಿವಿ ನಿಂತ್ರೆ ಮತ್ತೆ ಎಂತ ಸಮಾಧಾನ ಹೇಳಿದ್ರೂ ಪ್ರಯೋಜನ ಇಲ್ಲ. ಅದಕ್ಕೇ ಈ ದೋಷವನ್ನು ಬುಡದಿಂದ ಹುಡುಕಿದೆ, ಹುಡುಕಿದ ದಾರಿಯನ್ನೇ ಇಲ್ಲಿ ಬರೀತಿದ್ದೇನೆ, ನಿಮ್ಮದು ಲಾಡ್ಜ್ ಆಗ್ಲಿ ಹಾಸ್ಟೆಲ್ ಆಗ್ಲಿ ದೇವಸ್ಥಾನದ ಲೈವ್ ಆಗ್ಲಿ, ಕೆಲಸಕ್ಕೆ ಬರ್ತದೆ.

ನಮ್ಮಲ್ಲಿ ಇದ್ದ ತೊಂದ್ರೆ ಒಂದಲ್ಲ. ಟಿವಿ ಆನ್ ಮಾಡಿದ್ರೆ ಚಂದ ಬರ್ತದೆ, ನಾಲ್ಕು ನಿಮಿಷ ಚಿಲ್ಲರೆ ಆದ್ಮೇಲೆ ಚಿತ್ರ ಅಲ್ಲೇ ಗಟ್ಟಿಯಾಗ್ತದೆ, ಬಾಕ್ಸ್ ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ನಾಲ್ಕು ನಿಮಿಷ. ರೂಮ್ ಬ್ಲಾಕ್‌ನವರ ಫೋನಿಗೆ ವೈಫೈ ಕನೆಕ್ಟ್ ಆಗ್ತದೆ, ಇಂಟರ್ನೆಟ್ ಇಲ್ಲ. ಊಟದ ಹಾಲ್‌ನಲ್ಲಿ ಕೆಲವರಿಗೆ 169.254 ಅಂತ ಶುರುವಾಗುವ ಐಪಿ. ಒಮ್ಮೆ ಕರೆಂಟ್ ಹೋಗಿ ಬಂದ್ರೆ ಆಫೀಸಿನ ಬಿಲ್ಲಿಂಗ್ ಕಂಪ್ಯೂಟರ್ ಎಂತಕ್ಕೂ ಮಾತಾಡುದಿಲ್ಲ. ನಂಗಿಂತ ಮೊದಲು ನೋಡಿದವರು ಕೇಬಲ್ ಬದಲು ಮಾಡಿದ್ದರು, ಟಿವಿ ಬಾಕ್ಸ್ ಬದಲು ಮಾಡಿದ್ದರು, ಕೊನೆಗೆ ಸ್ವಿಚ್ಚೇ ಹಾಳು ಅಂತ ಹೇಳಿ ಹೋಗಿದ್ದರು. ಸ್ವಿಚ್ ಹಾಳಾಗಿರ್ಲಿಲ್ಲ.

ಒಂದು ವಿಷಯ ಮೊದಲೇ ತಲೆಯಲ್ಲಿ ಕೂತ್ರೆ ಉಳಿದದ್ದೆಲ್ಲ ಸುಲಭ. ಸ್ನೂಪಿಂಗ್ ಅಂದ್ರೆ ಸ್ವಿಚ್ ಬದಿಯಲ್ಲಿ ನಿಂತು ಬೇರೆಯವರ ಮಾತು ಕೇಳಿಸಿಕೊಳ್ಳುದು. ಟಿವಿಗಳು ಚಾನೆಲ್ ಕೇಳುವ ಭಾಷೆ ಐಜಿಎಂಪಿ, ಯಂತ್ರಗಳಿಗೆ ಐಪಿ ಹಂಚುವ ಭಾಷೆ ಡಿಹೆಚ್‌ಸಿಪಿ. ಯಾವ ಟಿವಿಗೆ ಯಾವ ಚಾನೆಲ್ ಬೇಕು ಅಂತ ಐಜಿಎಂಪಿ ಮಾತು ಕೇಳಿ ಒಂದು ಪಟ್ಟಿ ಬರೀತದೆ, ಯಾರಿಗೆ ಯಾವ ಐಪಿ ಸಿಕ್ಕಿತು ಅಂತ ಡಿಹೆಚ್‌ಸಿಪಿ ಮಾತು ಕೇಳಿ ಇನ್ನೊಂದು ಪಟ್ಟಿ ಬರೀತದೆ. ಪಟ್ಟಿಯಲ್ಲಿ ಹೆಸರಿದ್ರೆ ಒಳಗೆ, ಇಲ್ಲದಿದ್ರೆ ಹೊರಗೆ. ಅಲ್ಲಿ ಯಾರೂ ಮಾತೇ ಆಡದಿದ್ರೆ ಅಥವಾ ಸ್ವಿಚ್‌ನ ಕಿವಿಗೆ ಬೀಳದಿದ್ರೆ ಪಟ್ಟಿ ಖಾಲಿ, ಆಗ ಒಳ್ಳೆಯವರನ್ನೂ ಹೊರಗೆ ಹಾಕ್ತದೆ. ಹಾಗಾಗಿ ಒಂದೇ ಒಂದು ಸೆಟ್ಟಿಂಗ್ ಮುಟ್ಟುವ ಮೊದಲು ಈ ಎರಡು ಪಟ್ಟಿ ನೋಡಿ, ಸ್ವಿಚ್ ಎಂತ ಕೇಳಿಸ್ಕೊಂಡಿದೆ, ನಿಜವಾಗಿ ಹಾಲ್‌ನಲ್ಲಿ ಎಂತ ಉಂಟು ಅಂತ ತಾಳೆ ಹಾಕಿ.

ಕಮಾಂಡ್‌ಗಳು ಸಿಸ್ಕೋ ಶೈಲಿಯವು, ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಸ್ವಿಚ್‌ಗೆ ಹಾಕುವಾಗ ಇಂಗ್ಲಿಷಲ್ಲಿ ಟೈಪ್ ಮಾಡಿ. ಬೇರೆ ಕಂಪನಿಯ ಸ್ವಿಚ್ ಆದ್ರೆ ಮೆನು ಬೇರೆ ಇರ್ತದೆ, ಒಳಗಿನ ಕೆಲಸ ಇದೇ.

ನಮ್ಮ ಜೋಡಣೆ ಹೀಗೆ. ಸ್ಟೇಜ್ ಹಿಂದಿನ ಆಫೀಸ್ ರೂಮಲ್ಲಿ ಕೋರ್ ಸ್ವಿಚ್, ಅದರ 24ನೇ ಪೋರ್ಟಿಗೆ ರೂಟರ್, ಡಿಹೆಚ್‌ಸಿಪಿ ಕೊಡುದು ಆ ರೂಟರ್ರೇ. ಎನ್‌ಕೋಡರ್ ಕೂಡ ಕೋರ್‌ಗೇ. ಊಟದ ಹಾಲ್‌ಗೆ ಒಂದು ಸ್ವಿಚ್, ರೂಮ್ ಬ್ಲಾಕ್‌ಗೆ ಒಂದು ಸ್ವಿಚ್, ರೂಮ್ ಬ್ಲಾಕ್‌ಗೆ ಕೇಬಲ್ ಹಾಕ್ಲಿಕ್ಕೆ ಜಾಗ ಇಲ್ಲ ಅಂತ ವೈರ್‌ಲೆಸ್ ಬ್ರಿಜ್. ಒಂದೇ ಸ್ವಿಚ್ ಒಳಗೆ ಬೇರೆ ಬೇರೆ ನೆಟ್‌ವರ್ಕ್ ಮಾಡುದಕ್ಕೆ ವಿಲ್ಯಾನ್ ಅಂತಾರೆ, ಟಿವಿಗೆ ವಿಲ್ಯಾನ್ 20, ನೆಂಟರ ವೈಫೈಗೆ ಮತ್ತೆ ರೂಮಿನ ಸಾಕೆಟ್‌ಗಳಿಗೆ 30, ಆಫೀಸ್ ಮತ್ತು ಸಿಸಿಟಿವಿಗೆ 40.

ನಾಲ್ಕು ನಿಮಿಷ 20 ಸೆಕೆಂಡ್

ಟಿವಿ ನಿಲ್ಲುದನ್ನು ನೋಡಿದ ಕೂಡ್ಲೆ ಮೊದಲು ಮಾಡ್ಬೇಕಾದ್ದು ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕುದು. ಬಾಕ್ಸ್ ಆನ್ ಆಗಿ ಚಿತ್ರ ಬಂದಲ್ಲಿಂದ ನಿಲ್ಲುವವರೆಗೆ ಎಷ್ಟು ಅಂತ. ನಂಗೆ ಮೂರು ಸಲವೂ 260 ಸೆಕೆಂಡ್ ಹತ್ತಿರ ಹತ್ತಿರ ಬಂತು. ಹಾಳಾದ ಕೇಬಲ್ ಗಡಿಯಾರ ನೋಡಿ ನಿಲ್ಲುದಿಲ್ಲ ಅಲ್ವಾ, ಪ್ರತಿ ಸಲ ಒಂದೇ ಸಮಯಕ್ಕೆ ನಿಂತ್ರೆ ಎಲ್ಲೋ ಒಂದು ಟೈಮರ್ ಮುಗೀತಾ ಉಂಟು ಅಂತಲೇ ಅರ್ಥ.

ಆ 260 ಎಲ್ಲಿಂದ ಬಂತು ಅಂದ್ರೆ, ಐಜಿಎಂಪಿಯಲ್ಲಿ ಕ್ವೆರಿಯರ್ ಅಂತ ಒಬ್ಬ ಇರ್ಬೇಕು, ಅವನು 125 ಸೆಕೆಂಡಿಗೊಮ್ಮೆ ಎಲ್ಲರಿಗೂ "ಯಾರಿಗೆ ಯಾವ ಗ್ರೂಪ್ ಇನ್ನೂ ಬೇಕು" ಅಂತ ಕೇಳ್ತಾನೆ (ಗ್ರೂಪ್ ಅಂದ್ರೆ ಒಂದು ಚಾನೆಲ್‌ನ ಮಲ್ಟಿಕಾಸ್ಟ್ ಐಪಿ), ಟಿವಿ ಬಾಕ್ಸ್ 10 ಸೆಕೆಂಡ್ ಒಳಗೆ ಉತ್ತರ ಕೊಡ್ತದೆ. ಒಂದು ಸಲ ಉತ್ತರ ತಪ್ಪಿದ್ರೂ ಪರವಾಗಿಲ್ಲ ಅಂತ ಎರಡು ಸುತ್ತು ಕಾಯ್ತಾರೆ. ಎರಡು ಸಲ 125, ಮೇಲೆ 10, ಒಟ್ಟು 260. ಅಷ್ಟರೊಳಗೆ ಉತ್ತರ ಬರದಿದ್ರೆ ಆ ಪೋರ್ಟಲ್ಲಿ ಯಾರೂ ನೋಡ್ತಾ ಇಲ್ಲ ಅಂತ ಸ್ವಿಚ್ ಸ್ಟ್ರೀಮ್ ನಿಲ್ಲಿಸ್ತದೆ. ಬಾಕ್ಸ್ ಆನ್ ಆಗುವಾಗ ಯಾರೂ ಕೇಳದೆಯೇ ತಾನಾಗಿ ಒಂದು ರಿಪೋರ್ಟ್ ಕಳಿಸ್ತದೆ, ಅದಕ್ಕೇ ಮೊದಲ ನಾಲ್ಕು ನಿಮಿಷ ಚಂದ ಬರುದು. ಆಮೇಲೆ ಕೇಳುವವರೇ ಇಲ್ಲ, ಕೇಳದಿದ್ರೆ ಬಾಕ್ಸ್ ಹೇಳುದಿಲ್ಲ, ಹೇಳದಿದ್ರೆ ಸ್ವಿಚ್ ಮರೀತದೆ. ಈ ಅಂಕಿಗಳು ಸ್ಟ್ಯಾಂಡರ್ಡ್‌ನ ಡೀಫಾಲ್ಟ್, ಸ್ವಿಚ್‌ನಲ್ಲಿ ಯಾರಾದ್ರೂ ಬದಲು ಮಾಡಿದ್ರೆ ಸಮಯ ಬದಲಾಗ್ತದೆ, ಆದ್ರೆ ಪ್ರತಿ ಸಲ ಒಂದೇ ಸಮಯ ಅನ್ನುದು ಮಾತ್ರ ಬದಲಾಗುದಿಲ್ಲ.

ಖಾತ್ರಿ ಮಾಡ್ಲಿಕ್ಕೆ ಲ್ಯಾಪ್‌ಟಾಪನ್ನು ವಿಲ್ಯಾನ್ 20ರ ಯಾವುದಾದ್ರೂ ಖಾಲಿ ಪೋರ್ಟಿಗೆ ಚುಚ್ಚಿ, ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ಅನ್ನುವ ಸಾಫ್ಟ್‌ವೇರ್ ಓಪನ್ ಮಾಡಿ ಐಜಿಎಂಪಿ ಅಂತ ಫಿಲ್ಟರ್ ಹಾಕಿ ಒಂದು ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಪೋರ್ಟ್ ಮಿರರ್ ಎಲ್ಲ ಬೇಡ, ಜನರಲ್ ಕ್ವೆರಿ ಹೋಗುದು 224.0.0.1ಕ್ಕೆ, ಅದು ಎಲ್ಲಾ ಪೋರ್ಟಿಗೂ ಬಂದೇ ಬರ್ತದೆ. ಐದು ನಿಮಿಷದಲ್ಲಿ ಒಂದು ಕ್ವೆರಿ ಕೂಡ ಬರದಿದ್ರೆ ದೋಷ ಸಿಕ್ಕಿತು. ಸ್ವಿಚ್‌ನಲ್ಲಿ ನೋಡುದಾದ್ರೆ:

ಶೋ ಐಪಿ ಐಜಿಎಂಪಿ ಸ್ನೂಪಿಂಗ್ ಕ್ವೆರಿಯರ್
ಶೋ ಐಪಿ ಐಜಿಎಂಪಿ ಸ್ನೂಪಿಂಗ್ ಗ್ರೂಪ್ಸ್
ಶೋ ಐಪಿ ಐಜಿಎಂಪಿ ಸ್ನೂಪಿಂಗ್ ಎಂರೌಟರ್

ಮೊದಲನೇದು ನಮ್ಮಲ್ಲಿ ಖಾಲಿ. ಮಲ್ಟಿಕಾಸ್ಟ್ ರೂಟಿಂಗ್ ಇರುವ ದೊಡ್ಡ ನೆಟ್‌ವರ್ಕಲ್ಲಿ ಕ್ವೆರಿಯರ್ ಕೆಲಸ ರೂಟರ್ ಮಾಡ್ತದೆ, ನಮ್ಮ ಹಾಗೆ ಒಂದೇ ವಿಲ್ಯಾನ್ ಒಳಗೆ ಸ್ಟ್ರೀಮ್ ಓಡುವಲ್ಲಿ ರೂಟರಿಗೆ ಮಲ್ಟಿಕಾಸ್ಟ್ ಸಂಬಂಧವೇ ಇರುದಿಲ್ಲ, ಹಾಗಾಗಿ ಸ್ವಿಚ್ಚನ್ನೇ ಕ್ವೆರಿಯರ್ ಮಾಡ್ಬೇಕು:

ಐಪಿ ಐಜಿಎಂಪಿ ಸ್ನೂಪಿಂಗ್ ಕ್ವೆರಿಯರ್

ಇಷ್ಟು ಹಾಕಿದ್ರೆ ಸಾಕಾಗುದಿಲ್ಲ, ಕ್ವೆರಿ ಕಳಿಸ್ಲಿಕ್ಕೆ ಸ್ವಿಚ್‌ಗೆ ಆ ವಿಲ್ಯಾನ್‌ನಲ್ಲಿ ಒಂದು ಐಪಿ ಬೇಕು. ಐಪಿ ಇಲ್ಲದೆ 0.0.0.0 ಅಂತ ಸೋರ್ಸ್ ಹಾಕಿ ಕಳಿಸುವ ಸ್ವಿಚ್‌ಗಳುಂಟು, ಅಂಥ ಕ್ವೆರಿಗೆ ಕೆಲವು ಬಾಕ್ಸ್‌ಗಳು ಉತ್ತರ ಕೊಡುದಿಲ್ಲ, ಆಗ ವೈರ್‌ಶಾರ್ಕಲ್ಲಿ ಕ್ವೆರಿ ಕಾಣ್ತದೆ ಟಿವಿ ಮಾತ್ರ ನಿಲ್ತಾನೇ ಇರ್ತದೆ, ಮಂಡೆಬಿಸಿ. ಹಾಗಾಗಿ ಕ್ವೆರಿ ಬರ್ತಾ ಉಂಟು ಅಂತ ಖುಷಿ ಪಡುವ ಮೊದಲು ಅದರ ಸೋರ್ಸ್ ಐಪಿ ನೋಡಿ.

ಕ್ವೆರಿಯರ್ ಎಲ್ಲಿಡುದು ಅನ್ನುದೂ ಮುಖ್ಯ. ಒಂದಕ್ಕಿಂತ ಜಾಸ್ತಿ ಸ್ವಿಚ್‌ನಲ್ಲಿ ಆನ್ ಮಾಡಿದ್ರೆ ಅವರೊಳಗೆ ಎಲೆಕ್ಷನ್ ಆಗಿ ಅತಿ ಚಿಕ್ಕ ಐಪಿಯವನು ಗೆಲ್ತಾನೆ. ಕ್ವೆರಿ ಬಂದ ದಿಕ್ಕಿನ ಪೋರ್ಟನ್ನು ಉಳಿದ ಸ್ವಿಚ್‌ಗಳು ಎಂರೌಟರ್ ಪೋರ್ಟ್ ಅಂತ ಗುರುತು ಮಾಡಿ ಎಲ್ಲಾ ಸ್ಟ್ರೀಮನ್ನೂ ಆ ಕಡೆ ಕಳಿಸ್ತವೆ, ನೋಡುವವರು ಇರ್ಲಿ ಇಲ್ಲದಿರ್ಲಿ. ರೂಮ್ ಬ್ಲಾಕ್ ಸ್ವಿಚ್ ಎಲೆಕ್ಷನ್ ಗೆದ್ರೆ ಎನ್‌ಕೋಡರ್‌ನ ಎಲ್ಲಾ ಚಾನೆಲ್ ಆ ಬಡ ವೈರ್‌ಲೆಸ್ ಬ್ರಿಜ್ ಮೇಲೆ ಹೋಗ್ತದೆ. ಸ್ಟ್ರೀಮ್ ಹುಟ್ಟುವಲ್ಲಿ, ಅಂದ್ರೆ ಕೋರ್‌ನಲ್ಲಿ, ಚಿಕ್ಕ ಐಪಿ ಕೊಟ್ಟು ಅಲ್ಲೇ ಇಡಿ.

ಎರಡನೇ ಚಾನೆಲ್ ಯಾಕೆ ನಿಲ್ಲುದಿಲ್ಲ?

ನಂಗಿಂತ ಮೊದಲು ಬಂದವರು ದಾರಿ ತಪ್ಪಿದ್ದು ಇಲ್ಲಿ. ಎನ್‌ಕೋಡರ್‌ನಲ್ಲಿ ಎರಡು ಚಾನೆಲ್ ಇತ್ತು, ಒಂದು 239.10.20.1, ಇನ್ನೊಂದು 239.0.0.1. ಮೊದಲನೇದು ನಿಲ್ತದೆ, ಎರಡನೇದು ದಿನ ಇಡೀ ನಿಲ್ಲುದೇ ಇಲ್ಲ. ಅದೇ ಸ್ವಿಚ್, ಅದೇ ಕೇಬಲ್, ಅದೇ ಟಿವಿ, ಹಾಗಾದ್ರೆ ಎನ್‌ಕೋಡರ್‌ನ ಮೊದಲನೇ ಚಾನೆಲ್ ಹಾಳು ಅಂತ ಯಾರಿಗಾದ್ರೂ ಅನಿಸ್ತದೆ.

ಕಾರಣ ಬೇರೆ. ಮಲ್ಟಿಕಾಸ್ಟ್ ಐಪಿಯನ್ನು ಮ್ಯಾಕ್ ಅಡ್ರೆಸ್ (ಸ್ವಿಚ್ ನೋಡಿ ದಾರಿ ಹಿಡಿಯುವ ವಿಳಾಸ) ಮಾಡುವಾಗ 01-00-5ಇ ಅಂತ ಮುಂದೆ ಹಾಕಿ ಐಪಿಯ ಕೊನೆಯ 23 ಬಿಟ್ ಮಾತ್ರ ತಗೊಳ್ತಾರೆ. ಗ್ರೂಪ್ ಬದಲಾಗುದು 28 ಬಿಟ್‌ನಲ್ಲಿ, ಹಾಗಾಗಿ 5 ಬಿಟ್ ಕಳೆದು ಹೋಗ್ತದೆ, 32 ಬೇರೆ ಬೇರೆ ಗ್ರೂಪ್‌ಗೆ ಒಂದೇ ಮ್ಯಾಕ್ ಆಗ್ತದೆ. 239.0.0.1ರ ಮ್ಯಾಕ್ ಮತ್ತೆ 224.0.0.1ರ ಮ್ಯಾಕ್ ಒಂದೇ. 224.0.0 ಅಂತ ಶುರುವಾಗುವ ಗ್ರೂಪ್‌ಗಳು ನೆಟ್‌ವರ್ಕ್‌ನ ಸ್ವಂತ ಕೆಲಸದವು, ಅವನ್ನು ಸ್ವಿಚ್ ತಡೆಯುವ ಹಾಗಿಲ್ಲ, ಎಲ್ಲಾ ಪೋರ್ಟಿಗೂ ಬಿಡ್ಲೇಬೇಕು. ಮ್ಯಾಕ್ ನೋಡಿ ಫಾರ್ವರ್ಡ್ ಮಾಡುವ ಸ್ವಿಚ್‌ಗೆ ನಮ್ಮ ಎರಡನೇ ಚಾನೆಲ್ಲೂ ಆ ಗುಂಪಿನದ್ದೇ ಅಂತ ಕಾಣ್ತದೆ, ಅದನ್ನು ಎಲ್ಲಾ ಕಡೆ ಸುರಿತದೆ. ಅದು ಸರಿಯಾಗಿ ಓಡ್ತಾ ಇದ್ದದ್ದಲ್ಲ, ಯಾವ ತಡೆಯೂ ಇಲ್ಲದೆ ಊರಿಡೀ ಹರೀತಾ ಇದ್ದದ್ದು. ವೈರ್‌ಲೆಸ್ ಬ್ರಿಜ್ ಯಾವಾಗ್ಲೂ ಏದುಸಿರು ಬಿಡ್ತಾ ಇದ್ದದ್ದಕ್ಕೂ ಇದೇ ಕಾರಣ ಆಗಿತ್ತು. ಅಡ್ರೆಸನ್ನು 239.10.20.2 ಮಾಡಿದ ಕೂಡ್ಲೆ ಬ್ರಿಜ್ ಹಗುರ ಆಯ್ತು. ನೀವು ಗ್ರೂಪ್ ಆರಿಸುವಾಗ 239.0.0, 239.128.0 ಎರಡನ್ನೂ ಬಿಟ್ಟುಬಿಡಿ, ಎರಡೂ ಅದೇ ಮ್ಯಾಕ್‌ಗೆ ಬಂದು ಬೀಳ್ತವೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಐಜಿಎಂಪಿ ಸ್ನೂಪಿಂಗ್ ಆಫ್ ಮಾಡಿದ್ರೆ ಟಿವಿ ನಿಲ್ಲುದೇ ಇಲ್ಲ ಅಂತ ಹೇಳುವವರು ಸುಮಾರು ಜನ ಇದ್ದಾರೆ. ಹೌದು, ನಿಲ್ಲುದಿಲ್ಲ. ಆದ್ರೆ ಸ್ಟ್ರೀಮ್ ಎಲ್ಲಾ ಪೋರ್ಟಿಗೂ ಹೋಗ್ತದೆ, ಆ ವಿಲ್ಯಾನ್ ಯಾವುದಾದ್ರೂ ವೈಫೈ ಮೇಲೆ ಇದ್ರೆ ಅದು ಸತ್ತ ಹಾಗೆ. ವೈಫೈಯಲ್ಲಿ ಮಲ್ಟಿಕಾಸ್ಟ್ ಹೋಗುದು ಅತಿ ಕಡಿಮೆ ಬೇಸಿಕ್ ಸ್ಪೀಡಲ್ಲಿ, 2.4 ಗಿಗಾಹರ್ಟ್ಸ್‌ನಲ್ಲಿ ಅದು 1 ಎಂಬಿಪಿಎಸ್ ಕೂಡ ಇರಬಹುದು, ಅದರಲ್ಲಿ 8 ಎಂಬಿಪಿಎಸ್ ವಿಡಿಯೋ ತುರುಕಿದ್ರೆ ಬೇರೆ ಯಾರಿಗೂ ಗಾಳಿಯಲ್ಲಿ ಜಾಗವೇ ಇರುದಿಲ್ಲ. ಆಫ್ ಮಾಡ್ಬೇಡಿ, ಕ್ವೆರಿಯರ್ ಕೊಡಿ.

ಕ್ವೆರಿಯರ್ ಬಂದ ಮೇಲೂ ಒಂದೆರಡು ಸಣ್ಣದು ಉಳಿದಿತ್ತು. ಊಟದ ಹಾಲ್‌ನ ಒಂದು ಮೂಲೆಯಲ್ಲಿ ಒಂದೇ ಪೋರ್ಟಿಗೆ ಐದು ಪೋರ್ಟಿನ ಸಣ್ಣ ಸ್ವಿಚ್ ಹಾಕಿ ಎರಡು ಟಿವಿ ಕೊಟ್ಟಿದ್ದರು, ಒಂದರಲ್ಲಿ ಚಾನೆಲ್ ಬದಲು ಮಾಡಿದ್ರೆ ಇನ್ನೊಂದು ಸ್ವಲ್ಪ ಹೊತ್ತು ನಿಲ್ತಿತ್ತು. ಇಮ್ಮಿಡಿಯೇಟ್ ಲೀವ್ ಆನ್ ಇತ್ತು. ಒಬ್ಬ ಬಿಟ್ಟ ಅಂದ ಕೂಡ್ಲೆ ಇನ್ಯಾರಾದ್ರೂ ಇದ್ದಾರಾ ಅಂತ ಕೇಳದೆ ಪೋರ್ಟ್ ಕಟ್ ಮಾಡುದು ಅದರ ಕೆಲಸ. ಒಂದು ಪೋರ್ಟಿಗೆ ಒಂದೇ ಟಿವಿ ಇರುವಲ್ಲಿ ಮಾತ್ರ ಇಡಿ. ಇನ್ನೊಂದು, ಹಳೇ ಕಾಲದ ಸ್ವಿಚ್ ಇದ್ದು ಬಾಕ್ಸ್ ಹೊಸತಾದ್ರೆ ಬಾಕ್ಸ್ ವರ್ಷನ್ 3 ರಿಪೋರ್ಟನ್ನು 224.0.0.22ಕ್ಕೆ ಕಳಿಸ್ತದೆ, ಸ್ವಿಚ್‌ಗೆ ಅದು ಓದ್ಲಿಕ್ಕೆ ಬರುದಿಲ್ಲ, ಗ್ರೂಪ್ ಪಟ್ಟಿ ಖಾಲಿಯೇ ಇರ್ತದೆ. ಕ್ವೆರಿಯರನ್ನು ವರ್ಷನ್ 2ಕ್ಕೆ ಇಟ್ರೆ ಬಾಕ್ಸ್ ತಾನಾಗಿ 2ಕ್ಕೆ ಇಳೀತದೆ.

ಈಗ ಐಪಿ ವಿಷಯ

ರೂಮ್ ಬ್ಲಾಕ್‌ನಲ್ಲಿ ವೈಫೈ ಇದ್ದೂ ಇಂಟರ್ನೆಟ್ ಇಲ್ಲ ಅಂದಾಗ ಒಬ್ಬರ ಫೋನ್ ಕೇಳಿ ನೋಡಿದೆ, ಐಪಿ 192.168.0 ಅಂತ ಶುರುವಾಗ್ತದೆ. ನಮ್ಮ ವಿಲ್ಯಾನ್ 30ರಲ್ಲಿ ಅಂಥ ಐಪಿಯೇ ಇಲ್ಲ. ಅಲ್ಲಿ ಬೇರೆ ಯಾರೋ ಐಪಿ ಹಂಚ್ತಾ ಇದ್ದಾರೆ ಅಂತ ಆಯ್ತು. ಲ್ಯಾಪ್‌ಟಾಪಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಹೊಡೆದ್ರೆ ಡಿಹೆಚ್‌ಸಿಪಿ ಸರ್ವರ್ ಅಂತ ಒಂದು ಸಾಲು ಬರ್ತದೆ, ಆ ಐಪಿಯ ಮ್ಯಾಕ್ ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ಅಂತ ಕೇಳಿ ತಿಳ್ಕೊಳ್ಳುವ ಕ್ರಮ ಎಆರ್‌ಪಿ) ಸಿಗ್ತದೆ, ಆ ಮ್ಯಾಕನ್ನು ಸ್ವಿಚ್‌ನ ಮ್ಯಾಕ್ ಟೇಬಲಲ್ಲಿ ಹುಡುಕಿದ್ರೆ ಪೋರ್ಟ್ ಸಿಗ್ತದೆ, ಪೋರ್ಟ್ ಹಿಡಿದು ಹೋದ್ರೆ ರೂಮ್ ಸಿಗ್ತದೆ. ಲೈವ್ ಮಾಡ್ಲಿಕ್ಕೆ ಬಂದ ತಂಡದವರು ತಮ್ಮ ಸಣ್ಣ ರೂಟರನ್ನು ಗೋಡೆಯ ಸಾಕೆಟ್‌ಗೆ ಹಾಕಿದ್ದರು, ಕೇಬಲ್ ಇಂಟರ್ನೆಟ್ ಒಳಗೆ ಬರುವ ವ್ಯಾನ್ ಪೋರ್ಟ್ ಬದಲು, ರೂಟರ್ ಐಪಿ ಹಂಚುವ ಲ್ಯಾನ್ ಪೋರ್ಟಿಗೆ ಹೋಗಿತ್ತು. ಅವರಿಗೂ ಗೊತ್ತಿರ್ಲಿಲ್ಲ ಪಾಪ, ಇದು ಯಾರೂ ಬೇಕಂತ ಮಾಡುದಲ್ಲ.

ಪ್ರತಿ ಮದುವೆಗೂ ಹೊಸಬರು ಬರುವ ಜಾಗ, ಹೇಳಿ ಮುಗಿಯುದಿಲ್ಲ, ಹಾಗಾಗಿ ಡಿಹೆಚ್‌ಸಿಪಿ ಸ್ನೂಪಿಂಗ್ ಬೇಕೇ ಬೇಕು. ಸರ್ವರ್ ಇರುವ ದಿಕ್ಕಿನ ಪೋರ್ಟ್ ಮಾತ್ರ ಟ್ರಸ್ಟ್, ಉಳಿದ ಪೋರ್ಟಿಂದ ಆಫರ್ ಅಥವಾ ಆ್ಯಕ್ (ಐಪಿ ಕೊಡುವ ಸರ್ವರ್‌ನ ಉತ್ತರಗಳು) ಬಂದ್ರೆ ಸ್ವಿಚ್ ಅದನ್ನು ಅಲ್ಲೇ ಬಿಸಾಡ್ತದೆ. ಆನ್ ಮಾಡುವ ಕ್ರಮ ಮಾತ್ರ ತಪ್ಪಬಾರ್ದು. ಮೊದಲು ಟ್ರಸ್ಟ್ ಕೊಡಿ, ಆಮೇಲೆ ವಿಲ್ಯಾನ್ ಹೇಳಿ, ಕೊನೆಗೆ ಗ್ಲೋಬಲ್ ಆಗಿ ಆನ್ ಮಾಡಿ. ಉಲ್ಟಾ ಮಾಡಿದ್ರೆ ಟ್ರಸ್ಟ್ ಕೊಡುವವರೆಗೆ ಯಾರಿಗೂ ಐಪಿ ಇಲ್ಲ, ಊಟದ ಹೊತ್ತಿಗೆ ಮಾಡಿದ್ರೆ ಮ್ಯಾನೇಜರ್ ಬೊಬ್ಬೆ ಹಾಕ್ತಾರೆ.

ಇಂಟರ್‌ಫೇಸ್ 24, ಐಪಿ ಡಿಹೆಚ್‌ಸಿಪಿ ಸ್ನೂಪಿಂಗ್ ಟ್ರಸ್ಟ್
ಐಪಿ ಡಿಹೆಚ್‌ಸಿಪಿ ಸ್ನೂಪಿಂಗ್ ವಿಲ್ಯಾನ್ 30,40
ಐಪಿ ಡಿಹೆಚ್‌ಸಿಪಿ ಸ್ನೂಪಿಂಗ್

ಗ್ಲೋಬಲ್ ಒಂದನ್ನೇ ಹಾಕಿ ವಿಲ್ಯಾನ್ ಹೇಳದೆ ಬಿಟ್ರೆ ಎಂತ ಕೆಲಸವೂ ಆಗುದಿಲ್ಲ, ಎಲ್ಲ ಸರಿ ಇದ್ದ ಹಾಗೆ ಕಾಣ್ತದೆ ಅಷ್ಟೇ.

ನಾನು ಮೂರೂ ಸ್ವಿಚ್‌ನಲ್ಲಿ ಹೀಗೆ ಮಾಡಿದೆ, ಊಟದ ಹಾಲ್ ಸ್ವಿಚ್‌ನ ಕೋರ್ ಕಡೆಯ ಪೋರ್ಟನ್ನು ಟ್ರಸ್ಟ್ ಮಾಡಿದೆ, ಆದ್ರೂ ಅಲ್ಲಿ ಫೋನಿಗೆ 169.254. ಅದು ಯಾರೂ ಐಪಿ ಕೊಡದಾಗ ಯಂತ್ರ ತಾನೇ ಇಟ್ಟುಕೊಳ್ಳುವ ಅಡ್ರೆಸ್, ಅಂದ್ರೆ ಕೇಳಿದ್ದು ಎಲ್ಲೋ ದಾರಿಯಲ್ಲಿ ಬಿದ್ದು ಹೋಗ್ತಾ ಉಂಟು. ಕೋರ್‌ನಲ್ಲಿ ಶೋ ಐಪಿ ಡಿಹೆಚ್‌ಸಿಪಿ ಸ್ನೂಪಿಂಗ್ ಸ್ಟ್ಯಾಟಿಸ್ಟಿಕ್ಸ್ ಡೀಟೇಲ್ ನೋಡಿದ್ರೆ ಬಿಸಾಡಿದ ಪ್ಯಾಕೆಟ್ ಲೆಕ್ಕ ಏರ್ತಾ ಇತ್ತು, ಆಪ್ಷನ್ 82 ಇರುವುದು ಅನ್‌ಟ್ರಸ್ಟೆಡ್ ಪೋರ್ಟಿಂದ ಬಂತು ಅಂತ.

ಆಪ್ಷನ್ 82 ಅಂದ್ರೆ ಈ ಪ್ಯಾಕೆಟ್ ನನ್ನ ಯಾವ ಪೋರ್ಟಿಂದ ಬಂತು ಅಂತ ಸ್ವಿಚ್ ಅಂಟಿಸುವ ಚೀಟಿ. ಸಿಸ್ಕೋ ಶೈಲಿಯ ಸ್ವಿಚ್‌ನಲ್ಲಿ ಸ್ನೂಪಿಂಗ್ ಆನ್ ಮಾಡಿದ್ರೆ ಕೇಳದೆಯೇ ಇದೂ ಆನ್ ಆಗ್ತದೆ. ಊಟದ ಹಾಲ್ ಸ್ವಿಚ್ ಚೀಟಿ ಅಂಟಿಸಿ ಮೇಲೆ ಕಳಿಸ್ತದೆ, ಕೋರ್‌ನ ಆ ಕಡೆಯ ಪೋರ್ಟ್ ಅನ್‌ಟ್ರಸ್ಟೆಡ್, ನಂಬಿಕೆ ಇಲ್ಲದ ಕಡೆಯಿಂದ ಚೀಟಿ ಹಚ್ಚಿದ ಪ್ಯಾಕೆಟ್ ಯಾಕೆ ಬಂತು ಅಂತ ಕೋರ್ ಅದನ್ನು ಬಿಸಾಡ್ತದೆ. ಎರಡು ಸ್ವಿಚ್ಚೂ ತಮ್ಮ ತಮ್ಮ ನಿಯಮ ಸರಿಯಾಗಿ ಪಾಲಿಸಿದ್ದು, ಸೇರಿ ನೆಂಟರಿಗೆ ಐಪಿ ಇಲ್ಲ. ಚೀಟಿ ಓದುವ ಸರ್ವರ್ ನಿಮ್ಮಲ್ಲಿ ಇಲ್ಲದಿದ್ರೆ ಅದು ಬೇಡವೇ ಬೇಡ, ಕೆಳಗಿನ ಸ್ವಿಚ್‌ನಲ್ಲಿ

ನೋ ಐಪಿ ಡಿಹೆಚ್‌ಸಿಪಿ ಸ್ನೂಪಿಂಗ್ ಇನ್ಫರ್ಮೇಷನ್ ಆಪ್ಷನ್

ಅಂತ ಹಾಕಿ. ಕೋರ್‌ನಲ್ಲೂ ಹಾಕಿ, ಯಾಕಂದ್ರೆ ಕೆಲವು ರೂಟರ್‌ಗಳು ರಿಲೇ ಅಡ್ರೆಸ್ ಖಾಲಿ ಇದ್ದು ಚೀಟಿ ಮಾತ್ರ ಇರುವ ಪ್ಯಾಕೆಟ್ ತಗೊಳ್ಳುದಿಲ್ಲ. ಚೀಟಿ ಬೇಕೇ ಬೇಕಾದ ಜಾಗ ಆದ್ರೆ ಕೋರ್‌ನಲ್ಲಿ ಅಲೌ ಅನ್‌ಟ್ರಸ್ಟೆಡ್ ಅಂತ ಒಂದು ಆಯ್ಕೆ ಉಂಟು, ಅದನ್ನು ಕೊಡಿ. ಕೋರ್‌ನ ಕೆಳಮುಖದ ಪೋರ್ಟನ್ನು ಟ್ರಸ್ಟ್ ಮಾಡಿ ಬಿಡುದು ಸುಲಭದ ದಾರಿ ಅಂತ ಕಾಣ್ತದೆ, ಆದ್ರೆ ಕೆಳಗಿನ ಸ್ವಿಚ್‌ನಲ್ಲಿ ಸ್ನೂಪಿಂಗ್ ಇಲ್ಲದಿದ್ರೆ ಅದು ಕಳ್ಳ ಸರ್ವರ್‌ಗೆ ಬಾಗಿಲು ತೆಗೆದ ಹಾಗೆಯೇ.

ಅಡುಗೆ ಕೋಣೆ ಹತ್ತಿರ ಭಟ್ರ ಕಡೆಯವರು ಒಂದು ವೈಫೈ ರಿಪೀಟರ್ ಹಾಕ್ಕೊಂಡಿದ್ದರು, ಅದರ ಹಿಂದಿನ ಫೋನುಗಳಿಗೂ ಐಪಿ ಸಿಗ್ತಿರ್ಲಿಲ್ಲ. ರಿಪೀಟರ್ ಫೋನಿನ ಪ್ಯಾಕೆಟನ್ನು ತನ್ನ ಮ್ಯಾಕ್‌ನಲ್ಲಿ ಕಳಿಸ್ತದೆ, ಡಿಹೆಚ್‌ಸಿಪಿ ಒಳಗೆ ಬರೆದಿರುದು ಫೋನಿನ ಮ್ಯಾಕ್, ಎರಡು ಹೊಂದುದಿಲ್ಲ ಅಂತ ಸ್ವಿಚ್ ಬಿಡುದಿಲ್ಲ. ಈ ಪರೀಕ್ಷೆಯನ್ನು ಆಫ್ ಮಾಡ್ಲಿಕ್ಕೆ ಆಗ್ತದೆ, ನಾನು ಮಾಡ್ಲಿಲ್ಲ, ರಿಪೀಟರ್ ತೆಗೆದು ಕೇಬಲ್ ಎಳೆದು ಒಂದು ಆ್ಯಕ್ಸೆಸ್ ಪಾಯಿಂಟ್ ಕೊಟ್ಟೆ.

ಮತ್ತೆ ಸ್ನೂಪಿಂಗ್‌ಗೆ ಸಂಬಂಧವೇ ಇಲ್ಲದ ಒಂದು ಕಾರಣ, ಇದನ್ನು ಮರೀಬೇಡಿ. ರೂಟರಲ್ಲಿ ಇದ್ದದ್ದು 254 ಐಪಿ ಮಾತ್ರ, ಲೀಸ್ 24 ಗಂಟೆ. ನಿನ್ನೆ ರಾತ್ರಿ ಮೆಹಂದಿಗೆ ಬಂದವರು ಮನೆಗೆ ಹೋದ್ರೂ ಅವರ ಐಪಿ ಅವರ ಹೆಸರಲ್ಲೇ ಇರ್ತದೆ, ಇವತ್ತು ಧಾರೆಗೆ ಬಂದವರಿಗೆ ಖಾಲಿ ಇಲ್ಲ. ಲಕ್ಷಣ ಅದೇ 169.254. ವೈಫೈಗೆ ಲೀಸ್ 2 ಗಂಟೆ ಮಾಡಿ, ಸಬ್‌ನೆಟ್ ಸ್ಲ್ಯಾಶ್ 22 ಮಾಡಿ 1022 ಅಡ್ರೆಸ್ ಇಟ್ಟೆ.

ಕರೆಂಟ್ ಹೋಗಿ ಬಂದ ಮೇಲೆ

ನಂಗೆ ಅತಿ ಜಾಸ್ತಿ ಹೊತ್ತು ತಿಂದದ್ದು ಇದು. ನಮ್ಮ ಕಡೆ ಮೇ ತಿಂಗಳ ಸಂಜೆ ಗುಡುಗು ಸಿಡಿಲು ಶುರು ಆದ್ರೆ ಕರೆಂಟ್ ಹೋಗಿ ಬರುದು ಇದ್ದದ್ದೇ. ಕೋರ್ ರ‍್ಯಾಕ್‌ನ ಯುಪಿಎಸ್ ಬ್ಯಾಟರಿ ಸತ್ತಿತ್ತು, ಸ್ವಿಚ್ ರೀಸ್ಟಾರ್ಟ್ ಆಗ್ತಿತ್ತು. ಆದ್ಮೇಲೆ ನೆಂಟರ ವೈಫೈ ಸರಿ, ಬಿಲ್ಲಿಂಗ್ ಕಂಪ್ಯೂಟರ್ ಮಾತ್ರ ಸತ್ತ ಹಾಗೆ. ಐಪಿ ಸರಿಯಾಗಿಯೇ ಉಂಟು, ಲೈಟ್ ಮಿಣುಕ್ತದೆ, ಗೇಟ್‌ವೇಗೆ, ಅಂದ್ರೆ ರೂಟರಿಗೆ, ಪಿಂಗ್ ಇಲ್ಲ.

ಡಿಹೆಚ್‌ಸಿಪಿ ಸ್ನೂಪಿಂಗ್ ಬರೆಯುವ ಬೈಂಡಿಂಗ್ ಪಟ್ಟಿಯನ್ನು (ಯಾರಿಗೆ ಯಾವ ಐಪಿ ಅನ್ನುವ ಪಟ್ಟಿ) ನೋಡಿ ಎಆರ್‌ಪಿ ಸುಳ್ಳೋ ನಿಜವೋ ಅಂತ ತೀರ್ಮಾನ ಮಾಡುದು ಡೈನಾಮಿಕ್ ಎಆರ್‌ಪಿ ಇನ್ಸ್‌ಪೆಕ್ಷನ್, ಪಟ್ಟಿಯಲ್ಲಿ ಇಲ್ಲದವರ ಎಆರ್‌ಪಿಯನ್ನು ಬಿಸಾಡ್ತದೆ, ನಮ್ಮಲ್ಲಿ ಅದು ಆನ್ ಇತ್ತು. ಆ ಪಟ್ಟಿ ಮೆಮೊರಿಯಲ್ಲಿ ಮಾತ್ರ ಇದ್ರೆ ಸ್ವಿಚ್ ರೀಸ್ಟಾರ್ಟ್ ಆದ್ರೆ ಖಾಲಿ. ಫೋನುಗಳಿಗೆ ಯಾಕೆ ತೊಂದ್ರೆ ಆಗ್ಲಿಲ್ಲ ಅಂದ್ರೆ ಆ್ಯಕ್ಸೆಸ್ ಪಾಯಿಂಟ್‌ಗೆ ಕರೆಂಟ್ ಬರುದು ಅದೇ ಸ್ವಿಚ್ಚಿಂದ, ಅದೂ ಆಫ್ ಆಗಿ ಆನ್ ಆಯ್ತು, ಫೋನ್ ಹೊಸತಾಗಿ ಸೇರಿ ಐಪಿ ಮತ್ತೆ ಕೇಳಿತು, ಸ್ವಿಚ್ ಕೇಳಿಸ್ಕೊಂಡು ಬರೆಯಿತು. ಬಿಲ್ಲಿಂಗ್ ಕಂಪ್ಯೂಟರ್ ಇದ್ದದ್ದು ಟೇಬಲ್ ಕೆಳಗಿನ ಒಂದು ಸಣ್ಣ ಸ್ವಿಚ್ ಹಿಂದೆ, ಅವೆರಡಕ್ಕೂ ಬೇರೆ ಯುಪಿಎಸ್. ಕೋರ್ ಆಫ್ ಆದದ್ದು ಕಂಪ್ಯೂಟರಿಗೆ ಗೊತ್ತೇ ಆಗ್ಲಿಲ್ಲ, ಅದರ ಲಿಂಕ್ ಬೀಳ್ಲೇ ಇಲ್ಲ, ಹಾಗಾಗಿ ಅದು ಮತ್ತೆ ಕೇಳ್ಲಿಲ್ಲ. ಆಫೀಸ್ ವಿಲ್ಯಾನ್ ಲೀಸ್ 8 ದಿನ ಇತ್ತು. ಅರ್ಧ ಲೀಸ್‌ಗೆ, ಅಂದ್ರೆ 4 ದಿನಕ್ಕೆ ರಿನ್ಯೂ ಮಾಡ್ತದೆ, ಅದೂ ಸರ್ವರ್ ಒಂದಕ್ಕೇ ನೇರ (ಯುನಿಕಾಸ್ಟ್), ಅದಕ್ಕೂ ಎಆರ್‌ಪಿ ಬೇಕು, ಎಆರ್‌ಪಿಯೇ ಬಂದ್. ಲೀಸ್‌ನ 87.5 ಶೇಕಡಾ ಆದ್ಮೇಲೆ, 7ನೇ ದಿನಕ್ಕೆ, ಬ್ರಾಡ್‌ಕಾಸ್ಟ್ ಮಾಡಿ, ಅಂದ್ರೆ ಎಲ್ಲರಿಗೂ ಕೂಗಿ, ಕೇಳ್ತದೆ. ಅಷ್ಟು ದಿನ ಬಿಲ್ ಯಾರು ಕಾಯ್ತಾರೆ. ಆ ಹೊತ್ತಿಗೆ ಕಂಪ್ಯೂಟರಿನ ಕೇಬಲ್ ಒಮ್ಮೆ ತೆಗೆದು ಹಾಕಿದ್ರೆ ಸಾಕು, ಅದು ಹೊಸತಾಗಿ ಕೇಳ್ತದೆ. ಶಾಶ್ವತ ಪರಿಹಾರ ಪಟ್ಟಿಯನ್ನು ಫ್ಲ್ಯಾಶ್‌ನಲ್ಲಿ ಉಳಿಸುದು:

ಐಪಿ ಡಿಹೆಚ್‌ಸಿಪಿ ಸ್ನೂಪಿಂಗ್ ಡೇಟಾಬೇಸ್ ಫ್ಲ್ಯಾಶ್, ಮುಂದೆ ಒಂದು ಫೈಲ್ ಹೆಸರು

ಬದಲಾವಣೆ ಆಗಿ 300 ಸೆಕೆಂಡ್ ಆದ್ಮೇಲೆ ಬರೆಯುದು ಡೀಫಾಲ್ಟ್, ನಮ್ಮ ಕರೆಂಟಿಗೆ ಅದು ಜಾಸ್ತಿ ಆಯ್ತು, ನಾನು 60 ಇಟ್ಟೆ. ಎನ್‌ಟಿಪಿ (ಸ್ವಿಚ್‌ನ ಗಡಿಯಾರ ಸರಿ ಇಡುವ ವ್ಯವಸ್ಥೆ) ಕೂಡ ಸರಿ ಇರ್ಬೇಕು, ಲೀಸ್ ಯಾವಾಗ ಮುಗೀತದೆ ಅಂತ ಲೆಕ್ಕ ಹಾಕುದು ಗಡಿಯಾರ ನೋಡಿ, ಎನ್‌ಟಿಪಿ ಹಾಕಿದ ಸ್ವಿಚ್ ಸಮಯ ಸಿಂಕ್ ಆಗುವವರೆಗೆ ಪಟ್ಟಿ ಬರೆಯುದೇ ಇಲ್ಲ. ಯುಪಿಎಸ್ ಬ್ಯಾಟರಿಯನ್ನೂ ಬದಲು ಮಾಡಿಸಿದೆ.

ಕ್ಯಾಮರಾಗಳಿಗೆ ಸ್ಟ್ಯಾಟಿಕ್ ಐಪಿ, ಅವು ಡಿಹೆಚ್‌ಸಿಪಿ ಮಾತೇ ಆಡುದಿಲ್ಲ, ಪಟ್ಟಿಯಲ್ಲಿ ಯಾವತ್ತೂ ಬರುದಿಲ್ಲ, ಹಾಗಾಗಿ ಇನ್ಸ್‌ಪೆಕ್ಷನ್ ಆನ್ ಮಾಡಿದ ದಿನ ಸಿಸಿಟಿವಿ ಪೂರ್ತಿ ಹೋಗ್ತದೆ. ಒಂದೊಂದು ಕ್ಯಾಮರಾದ ಮ್ಯಾಕ್ ಮತ್ತೆ ಐಪಿಯನ್ನು ಎಆರ್‌ಪಿ ಆ್ಯಕ್ಸೆಸ್ ಲಿಸ್ಟಲ್ಲಿ ಕೈಯಲ್ಲಿ ಬರೆಯಿರಿ, ಇಲ್ಲದಿದ್ರೆ ಕ್ಯಾಮರಾಗಳನ್ನೂ ಡಿಹೆಚ್‌ಸಿಪಿಗೆ ತಂದು ರೂಟರಲ್ಲಿ ರಿಸರ್ವೇಷನ್ ಕೊಡಿ. ನಂಗೆ ಎರಡನೇದೇ ಇಷ್ಟ, ಕ್ಯಾಮರಾ ಬದಲಾದ್ರೆ ಒಂದೇ ಕಡೆ ತಿದ್ದಿದ್ರೆ ಸಾಕು.

ಒಂದು ದಿನ 11 ಗಂಟೆಗೆ ಮೇಲಿನ ಹಾಲ್‌ನ ಆ್ಯಕ್ಸೆಸ್ ಪಾಯಿಂಟ್ ಪೂರ್ತಿ ಹೋಯ್ತು. ಪಡುಬಿದ್ರಿಯಲ್ಲಿ ಇದ್ದೆ, ಫೋನ್ ಬಂತು, ಅಲ್ಲಿಂದಲೇ ರಿಮೋಟಲ್ಲಿ ನೋಡಿದ್ರೆ ಪೋರ್ಟ್ ಎರ್ ಡಿಸೇಬಲ್ (ತಪ್ಪು ಕಂಡು ಸ್ವಿಚ್ ತಾನೇ ಪೋರ್ಟ್ ಬಂದ್ ಮಾಡುದು), ಕಾರಣ ಎಆರ್‌ಪಿ ಇನ್ಸ್‌ಪೆಕ್ಷನ್. ಅನ್‌ಟ್ರಸ್ಟೆಡ್ ಪೋರ್ಟಿಗೆ ಸೆಕೆಂಡಿಗೆ 15 ಎಆರ್‌ಪಿ ಅನ್ನುದು ಡೀಫಾಲ್ಟ್ ಮಿತಿ, ಒಂದು ಕಂಪ್ಯೂಟರಿಗೆ ಧಾರಾಳ, ಇನ್ನೂರು ಫೋನ್ ಒಟ್ಟಿಗೆ ಒಳಗೆ ಬರುವ ಹಾಲ್‌ಗೆ ಏನೇನೂ ಸಾಲದು. ಅಲ್ಲಿಂದಲೇ ಮಿತಿಯನ್ನು 100 ಮಾಡಿ ಪೋರ್ಟ್ ಶಟ್ ಮಾಡಿ ತೆಗೆದೆ. ಡಿಹೆಚ್‌ಸಿಪಿ ಮಿತಿ ಕೈಯಾರೆ ಹಾಕಿದವರು ಅದನ್ನೂ ನೋಡ್ಬೇಕು, ಒಂದು ಫೋನ್ ಐಪಿ ಪಡೀಲಿಕ್ಕೆ ಡಿಸ್ಕವರ್ ಒಂದು, ರಿಕ್ವೆಸ್ಟ್ ಒಂದು, ಎರಡು ಪ್ಯಾಕೆಟ್ ಕಳಿಸ್ತದೆ. ಬಿದ್ದ ಪೋರ್ಟ್ ತಾನಾಗಿ ಏಳ್ಲಿಕ್ಕೆ ಎರ್ ಡಿಸೇಬಲ್ ರಿಕವರಿ ಆನ್ ಮಾಡಿ, ಡೀಫಾಲ್ಟ್ 300 ಸೆಕೆಂಡಿಗೆ ಏಳ್ತದೆ, ಅದನ್ನು ಹೇಳದಿದ್ರೆ ಯಾರಾದ್ರೂ ಬಂದು ಎಬ್ಬಿಸುವವರೆಗೆ ಅಲ್ಲೇ ಬಿದ್ದಿರ್ತದೆ.

ಇನ್ಸ್‌ಪೆಕ್ಷನ್ ಹೊಸತಾಗಿ ಆನ್ ಮಾಡುವವರು ಸ್ನೂಪಿಂಗ್ ಆನ್ ಮಾಡಿದ ದಿನವೇ ಅವಸರ ಮಾಡ್ಬೇಡಿ. ಒಂದು ಲೀಸ್ ಪೂರ್ತಿ ಆಗ್ಲಿ, ಪಟ್ಟಿ ತುಂಬ್ಲಿ, ಆಮೇಲೆ ಬೈಂಡಿಂಗ್ ಪಟ್ಟಿ ಮತ್ತೆ ಮ್ಯಾಕ್ ಟೇಬಲ್ ಬದಿ ಬದಿಗೆ ಇಟ್ಟು ನೋಡಿ, ಮ್ಯಾಕ್ ಟೇಬಲಲ್ಲಿ ಇದ್ದು ಬೈಂಡಿಂಗಲ್ಲಿ ಇಲ್ಲದವರು ಯಾರು ಅಂತ ಒಂದೊಂದೇ ಹುಡುಕಿ. ನಮ್ಮಲ್ಲಿ ಎಂಟು ಕ್ಯಾಮರಾ ಮತ್ತೆ ಒಂದು ಪ್ರಿಂಟರ್ ಹಾಗೆ ಸಿಕ್ಕಿತು.

ಎಲ್ಲಾ ಆದ್ಮೇಲೆ ಮದುವೆ ಇಲ್ಲದ ಒಂದು ಸಂಜೆ ಪರೀಕ್ಷೆ ಮಾಡಿದೆ. ಏಳೂ ಟಿವಿ ಹಾಕಿ 20 ನಿಮಿಷ ಮುಟ್ಟದೆ ಬಿಟ್ಟೆ, ಐದು ನಿಮಿಷ ಸಾಕಾಗುದಿಲ್ಲ, ಎರಡು ಮೂರು ಟೈಮರ್ ಮುಗಿಯುವಷ್ಟು ಹೊತ್ತು ಬೇಕು. ಬೇಕಂತಲೇ ಒಂದು ಹಳೇ ರೂಟರಿನ ಲ್ಯಾನ್ ಪೋರ್ಟನ್ನು ರೂಮಿನ ಸಾಕೆಟ್‌ಗೆ ಹಾಕಿದೆ, ಪಕ್ಕದ ರೂಮಿನ ಲ್ಯಾಪ್‌ಟಾಪಿಗೆ ನಮ್ಮ ರೂಟರ್‌ನ ಐಪಿಯೇ ಬಂತು. ಕೊನೆಗೆ ರ‍್ಯಾಕ್‌ನ ಪ್ಲಗ್ ಎಳೆದೆ, ಒಂದು ನಿಮಿಷ ಬಿಟ್ಟು ಹಾಕಿದೆ, ಸ್ವಿಚ್ ಎದ್ದು ಬರ್ಲಿಕ್ಕೆ ಸ್ವಲ್ಪ ಹೊತ್ತು ತಗೊಂಡಿತು, ಟಿವಿಗಳು ಒಂದೊಂದಾಗಿ ಬಂದವು, ಬಿಲ್ಲಿಂಗ್ ಕಂಪ್ಯೂಟರಿನ ಕೇಬಲ್ ಯಾರೂ ಮುಟ್ಲಿಲ್ಲ, ಪಿಂಗ್ ಬಂತು. ಮರುದಿನ ಧಾರೆಗೆ ನಾನು ಮೇಲೆ ಹೋಗ್ಲಿಲ್ಲ, ಕೆಳಗೆ ಊಟದ ಹಾಲ್‌ನಲ್ಲಿ ಅಜ್ಜಿಯಂದ್ರ ಹಿಂದಿನ ಸಾಲಲ್ಲಿ ಕುರ್ಚಿ ಹಾಕಿ ಕೂತು ಟಿವಿಯಲ್ಲೇ ನೋಡಿದೆ, ವಾದ್ಯ ನಿಲ್ಲುವವರೆಗೂ ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.